ಅಕ್ಕನಿಗೊಂದು ಪ್ರಶ್ನೆ: ಮಗಳು ಸಿಯೋಲ್‌ಗೆ ಹೋಗುತ್ತೇನೆ ಅನ್ನುತ್ತಾಳೆ

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಜಾತ್ರೆ, ಪಾದಯಾತ್ರೆ, ಸಮಾವೇಶಗಳ ಸುದ್ದಿಯೇ. ಗಂಡನ ಕುಡಿತ, ಅತ್ತೆಯ ಕಾಟ, ಸಾಲ ತಗೊಂಡು ವಾಪಸ್ ಕೊಡದ ನಾದಿನಿ, ಇವರೆಲ್ಲ ಮುಂದಿನ ಸಂಚಿಕೆಯವರೆಗೆ ಸ್ವಲ್ಪ ತಡೆದುಕೊಳ್ಳಲಿ.

ಪ್ರಶ್ನೆ: ಅಕ್ಕಾ, ನಾವು ಹರಿಹರದವರು, ಕ್ರೈಸ್ತರು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. 2025ರ ಆಗಸ್ಟ್‌ನಲ್ಲಿ ರೋಮ್ ಹತ್ತಿರ ಹತ್ತು ಲಕ್ಷ ಯುವಕ ಯುವತಿಯರು ಪೋಪ್ ಜೊತೆ ಪ್ರಾರ್ಥನೆ ಮಾಡಿ ಬಯಲಲ್ಲೇ ರಾತ್ರಿ ಕಳೆದರಲ್ಲ, ಆ ವಿಡಿಯೊ ನೋಡಿದಾಗಿನಿಂದ ಒಂದೇ ಹಟ. 2027ಕ್ಕೆ ಸಿಯೋಲ್‌ನಲ್ಲಿ ನಡೆಯುವ ವಿಶ್ವ ಯುವಜನ ದಿನಕ್ಕೆ, ಅದೇ ಪೋಪ್ ಜೊತೆ ಕ್ಯಾಥೊಲಿಕ್ ಯುವಜನರು ಸೇರುವ ಸಮಾವೇಶಕ್ಕೆ, ಹೋಗಲೇಬೇಕಂತೆ. "ದೇವರು ಕೊರಿಯಾದಲ್ಲಿ ಮಾತ್ರ ಇದ್ದಾನಾ?" ಅಂತ ನಮ್ಮ ಯಜಮಾನರು ರೇಗುತ್ತಾರೆ. ಅವರಿಗೆ ಗುಂಪಿನ ಭಯವೂ ಇದೆ. ನನಗೆ ಮಾತ್ರ ಆ ಮಕ್ಕಳನ್ನು ನೋಡಿದರೆ ಯಾಕೋ ಧೈರ್ಯ ಬರುತ್ತದೆ. ಈ ಧೈರ್ಯಕ್ಕೆ ಏನಾದರೂ ಅರ್ಥ ಇದೆಯಾ, ಇಲ್ಲಾ ಸುಮ್ನೆ ಗದ್ದಲ ನೋಡಿ ಮರುಳಾಗಿದ್ದೇನಾ?
— ಒಬ್ಬ ತಾಯಿ, ಹರಿಹರ

ಉತ್ತರ: ಮರುಳಾಗಿಲ್ಲ ತಾಯಿ. ಆದರೆ ಹತ್ತು ಲಕ್ಷ ಅನ್ನೋ ಲೆಕ್ಕ ನೋಡಿ ಧೈರ್ಯ ಬಂದಿದ್ದರೆ ಅದು ಜಾಸ್ತಿ ದಿನ ಬಾಳುವುದಿಲ್ಲ. 1995ರ ಜನವರಿಯಲ್ಲಿ ಮನಿಲಾದ ಯುವಜನ ದಿನಕ್ಕೆ ನಲವತ್ತು ಐವತ್ತು ಲಕ್ಷ ಜನ ಸೇರಿದ್ದರು ಎನ್ನುತ್ತಾರೆ. ರಸ್ತೆಯಲ್ಲಿ ದಾರಿಯೇ ಸಿಗದೆ ಪೋಪ್ ಎರಡನೇ ಜಾನ್ ಪಾಲ್ ಹೆಲಿಕಾಪ್ಟರ್‌ನಲ್ಲಿ ಬಂದು ಇಳಿಯಬೇಕಾಯಿತು. ಜನ ಸೇರುವುದು ನಮಗೇನು ಹೊಸದಾ? ದುಗ್ಗಮ್ಮನ ಜಾತ್ರೆಗೆ ದಾವಣಗೆರೆಯ ಹಳೇ ಊರಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಬಸ್ಸು, ಊಟದ ಪ್ಯಾಕೆಟ್ಟು ಕೊಟ್ಟರೆ ಚುನಾವಣೆ ಭಾಷಣಕ್ಕೂ ಲಕ್ಷ ಜನ ಬರುತ್ತಾರೆ.

ಆ ವಿಡಿಯೊಗಳನ್ನು ನಾನೂ ನೋಡಿದೆ. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ರೋಮ್ ಊರಾಚೆಯ ತೋರ್ ವೆರ್ಗಾತಾ ಬಯಲಿನಲ್ಲಿ ಮೂವರು ಯುವಜನರು ಎದ್ದು ನಿಂತು ಪೋಪ್ ಲಿಯೋ ಅವರನ್ನು ಪ್ರಶ್ನೆ ಕೇಳಿದರು. ನಿಜವಾದ ಸ್ನೇಹ ಎಲ್ಲಿ ಸಿಗುತ್ತದೆ, ಬದುಕಿನ ದೊಡ್ಡ ನಿರ್ಧಾರಗಳನ್ನು ತೆಗೆದುಕೊಳ್ಳಲು ಧೈರ್ಯ ಎಲ್ಲಿಂದ ಬರಬೇಕು, ಇಂಥವೇ. ನನ್ನ ಹಾಸ್ಟೆಲ್ ಹುಡುಗಿಯರು ರಾತ್ರಿ ಹತ್ತರ ಮೇಲೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಪ್ರಶ್ನೆಗಳೂ ಇವೇ. ಆಮೇಲೆ ಪರಮಪ್ರಸಾದದ ಆರಾಧನೆ, ಅಂದರೆ ಕ್ರಿಸ್ತನ ಶರೀರವೆಂದು ನಂಬುವ ರೊಟ್ಟಿಯ ಮುಂದೆ ಪ್ರಾರ್ಥನೆ. ಅಷ್ಟೂ ಮಂದಿ ಗಪ್‌ಚಿಪ್. ಮೊಣಕಾಲೂರಿದವರು ಊರಿದ ಹಾಗೇ ಇದ್ದಾರೆ. ಗಣಪತಿ ಬಿಡುವ ದಿನ ಡಿಜೆ ಸದ್ದಿಗೆ ನಮ್ಮ ಮನೆ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಅದಕ್ಕೆ ಒಗ್ಗಿಹೋದ ಕಿವಿಗೆ ಇದು ನಂಬಲಾಗದ ಸಂಗತಿ. ಹಿಂದಿನ ದಿನ ಸರ್ಕಸ್ ಮ್ಯಾಕ್ಸಿಮಸ್ ಎಂಬ ಪುರಾತನ ರಥದ ಓಟದ ಮೈದಾನದಲ್ಲಿ ಇದೇ ಮಕ್ಕಳು ಪಾಪನಿವೇದನೆಗೆ ಸರದಿ ನಿಂತಿದ್ದರು. ಈ ವಯಸ್ಸಿನವರು ತಪ್ಪು ಒಪ್ಪಿಕೊಳ್ಳಲು ಕ್ಯೂ ನಿಲ್ಲುವುದು ಅಂದರೇನು! ರೀಲ್ಸ್‌ಗೆ ಅದರಲ್ಲಿ ಏನೂ ಸಿಗಲ್ಲ.

2011ರಲ್ಲಿ ಮ್ಯಾಡ್ರಿಡ್‌ನಲ್ಲೂ ಹೀಗೇ ಒಂದು ರಾತ್ರಿ ಇತ್ತು. ಬಿರುಗಾಳಿ, ಮಳೆ. ಪೋಪ್ ಬೆನೆಡಿಕ್ಟ್ ಅವರ ಭಾಷಣ ಮಧ್ಯಕ್ಕೇ ನಿಂತಿತು. ಮಕ್ಕಳು ತೊಯ್ದು ತೊಪ್ಪೆಯಾಗಿಯೂ ಜಾಗ ಬಿಟ್ಟು ಕದಲಲಿಲ್ಲ. ಭಾಷಣ ನಿಂತದ್ದೇ ಒಳ್ಳೆಯದಾಯಿತೇನೋ ಅಂತ ನನಗೊಂದು ಗುಮಾನಿ.

ಇಷ್ಟು ಜನ ಒಟ್ಟಿಗೆ ಸೇರಿದರೆ ಒಂದು ಹುಡುಗಿಗೆ ಏನು ಸಿಗುತ್ತದೆ? ಹಾಸ್ಟೆಲ್ ವಾರ್ಡನ್ ಆಗಿ ನೌಕರಿ ಮುಗಿಸಿದವಳು ನಾನು, ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ. ಹೊಸದುರ್ಗದ ಕಡೆಯ ಹಳ್ಳಿ ಹುಡುಗಿ ಒಬ್ಬಳಿದ್ದಳು. ಬೆಳಿಗ್ಗೆ ಐದೂವರೆಗೆ ರೇಷನ್ ಸ್ಟೋರಿನ ಬೀಗದ ಕೈ ಕೇಳಿಕೊಂಡು ಬರುತ್ತಿದ್ದಳು. ಮೊದಲು ನಾನು ಬೆಲ್ಲ ಕದಿಯುತ್ತಾಳೇನೋ ಅಂದುಕೊಂಡು ಹಿಂದೆ ಹೋಗಿ ನೋಡಿದೆ. ಅಕ್ಕಿ ಮೂಟೆಗಳ ಸಂದಿಯಲ್ಲಿ ಚಾಪೆ ತುಂಡು ಹಾಸಿಕೊಂಡು ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತಿದ್ದಾಳೆ. ಪೂಜೆ ಮುಗಿದ ಮೇಲೆ ದುಪಟ್ಟಾದ ತುದಿಗೆ ಎಂಜಲು ಹಚ್ಚಿ ಹಣೆಯ ವಿಭೂತಿ ಉಜ್ಜಿ ಉಜ್ಜಿ ಒರೆಸಿಕೊಂಡು ಹೊರಗೆ ಬರುವುದು. ರೂಮಿನವರು "ಅಜ್ಜಿ" ಅಂತ ರೇಗಿಸುತ್ತಿದ್ದರಂತೆ. ಆ ವರ್ಷ ಅವಳು ಮನೆಯವರ ಜೊತೆ ತರಳಬಾಳು ಹುಣ್ಣಿಮೆಗೆ ಹೋಗಿ ಬಂದಳು. ಅಲ್ಲಿ ತನ್ನ ವಯಸ್ಸಿನವರೇ ಸಾವಿರಗಟ್ಟಲೆ. ವಿಭೂತಿ ಹಚ್ಚಿಕೊಂಡು, ಜೀನ್ಸ್ ಹಾಕಿಕೊಂಡು, ಐಸ್‌ಕ್ರೀಂ ತಿನ್ನುತ್ತಾ. ವಾಪಸ್ ಬಂದವಳು ಬೀಗದ ಕೈ ಕೇಳಲಿಲ್ಲ. ತನ್ನ ಮಂಚದ ಮೇಲೇ ಕೂತಳು. ಒಂದೆರಡು ದಿನ ನಕ್ಕರು. ಆಮೇಲೆ ಒಂದು ಬೆಳಿಗ್ಗೆ ಪಕ್ಕದ ಮಂಚದವಳು ಕಣ್ಣು ಉಜ್ಜಿಕೊಂಡು "ಲೈಟ್ ಹಾಕ್ಲೇನೇ?" ಅಂದಳಂತೆ.

ನೋಡಿ, ಸಿಗುವುದು ಅಷ್ಟೇ. ನಾನೊಬ್ಬಳೇ ಹೀಗಲ್ಲ ಅನ್ನುವ ಒಂದು ನಂಬಿಕೆ. ನಿಮ್ಮ ಮಗಳ ದಿಂಬಿನ ಕೆಳಗೂ ಜಪಮಾಲೆ ಇರಬಹುದು, ಲೈಟ್ ಆರಿದ ಮೇಲಷ್ಟೇ ಹೊರಗೆ ಬರುತ್ತಿರಬಹುದು. ಆ ವಯಸ್ಸಲ್ಲಿ ಬೈಗುಳ ತಡೆದುಕೊಳ್ಳಬಹುದು, ನಗೆ ತಡೆದುಕೊಳ್ಳುವುದು ಕಷ್ಟ ಅಲ್ವಾ?

ಯಜಮಾನರು ಕೇಳಿದ್ದಕ್ಕೂ ಉತ್ತರ ಹೇಳಿ. ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬಕ್ಕೆ ದೂರದೂರದ ಜಿಲ್ಲೆಗಳಿಂದ ಜನ ನಿಮ್ಮೂರಿಗೆ ನಡೆದುಕೊಂಡು ಬರುತ್ತಾರೆ. ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. "ನಿಮ್ಮೂರಲ್ಲಿ ದೇವರಿಲ್ವಾ?" ಅಂತ ಹರಿಹರದವರು ಯಾರಾದರೂ ಅವರನ್ನು ಕೇಳುತ್ತಾರಾ? ನೀರು ಕೊಡುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಜಗಲಿ ಬಿಟ್ಟುಕೊಡುತ್ತಾರೆ. ಸಿಯೋಲ್ ಮಂದಿಯೂ ನಾಳೆ ನಿಮ್ಮ ಮಗಳಿಗೆ ಅದನ್ನೇ ಮಾಡುವವರು. ಕೊರಿಯಾದ ಕಥೆಯೂ ಸ್ವಾರಸ್ಯವಾಗಿದೆ. ಅಲ್ಲಿಗೆ ಕ್ರೈಸ್ತ ಧರ್ಮವನ್ನು ಹೊರಗಿನಿಂದ ಬಂದ ಪಾದ್ರಿಗಳು ತಂದದ್ದಲ್ಲ. ಓದಿಕೊಂಡಿದ್ದ ಅಲ್ಲಿಯ ಕೆಲವರು ಪುಸ್ತಕ ಓದಿ, ತಮ್ಮ ತಮ್ಮಲ್ಲೇ ಚರ್ಚೆ ಮಾಡಿದರು. ಅವರಲ್ಲೊಬ್ಬ, ಯಿ ಸುಂಗ್ ಹುನ್ ಎಂಬ ಯುವಕ, 1784ರಲ್ಲಿ ಬೀಜಿಂಗ್‌ನಲ್ಲಿ ದೀಕ್ಷಾಸ್ನಾನ ಪಡೆದು ಬಂದ. ಅವನಿಗಿನ್ನೂ ಮೂವತ್ತು ತುಂಬಿರಲಿಲ್ಲ. ಅವನ ಮನೆಯಲ್ಲೂ ಯಾರೋ ಒಬ್ಬರು "ಅಷ್ಟು ದೂರ ಯಾಕೆ?" ಅಂದಿರುತ್ತಾರೆ ಬಿಡಿ.

ಹಾಗಂತ ಯಾವ ಸಮಾವೇಶ ಕಂಡರೂ ನಾನು ಕೈ ಮುಗಿಯುವವಳಲ್ಲ. ಮರುದಿನ ಬೆಳಿಗ್ಗೆ ಪೊರಕೆ ಯಾರ ಕೈಯಲ್ಲಿದೆ ಅಂತ ನೋಡುತ್ತೇನೆ. ಫ್ರಾನ್ಸ್‌ನಲ್ಲಿ ತೆಜೇ ಅಂತ ಒಂದು ಪುಟ್ಟ ಹಳ್ಳಿ ಇದೆ. 1940ರಲ್ಲಿ ಬ್ರದರ್ ರೋಜರ್ ಎಂಬುವರು ಅಲ್ಲಿಗೆ ಬಂದು ನೆಲೆಸಿದರು. ಮುಂದೆ ಅಲ್ಲೊಂದು ಆಶ್ರಮ ಬೆಳೆಯಿತು. ಕ್ಯಾಥೊಲಿಕರು, ಪ್ರಾಟೆಸ್ಟಂಟರು ಇಬ್ಬರೂ ಸಹೋದರರಾಗಿ ಒಂದೇ ಕಡೆ ಬಾಳುತ್ತಾರೆ. ಬೇಸಿಗೆಯಲ್ಲಿ ವಾರ ವಾರವೂ ಸಾವಿರಾರು ಯುವಜನರು ಬಂದು ಉಳಿಯುತ್ತಾರೆ. ಬಂದವರಿಗೆ ಪ್ರಾರ್ಥನೆ ಜೊತೆ ಕೆಲಸವೂ ಇದೆ. ಪಾತ್ರೆ ತೊಳೆಯುವುದು, ಊಟ ಬಡಿಸುವುದು, ಕಕ್ಕಸು ತೊಳೆಯುವುದು. ನಮ್ಮ ದಾಸೋಹದಲ್ಲಿ ಲುಂಗಿ ಎತ್ತಿ ಕಟ್ಟಿ, ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡುವ ಹುಡುಗರನ್ನು ನೋಡಿದಾಗಲೂ ನನಗೆ ಇದೇ ಸಮಾಧಾನ. ಮನೆಯಲ್ಲಿ ತಿಂದ ತಟ್ಟೆ ಎತ್ತದ ಗಂಡು ಮಕ್ಕಳು ಅಲ್ಲಿ ಎಲೆ ಎತ್ತುತ್ತಾರೆ! ಆ ಸಮಾವೇಶ ನಿಲ್ಲೋಕೆ ಒಬ್ಬ ವೈರಿ ಬೇಕಾ ಅಂತಲೂ ನೋಡಿ. ಪಕ್ಕದ ಓಣಿಯವರನ್ನು ಬೈದರೆ ಮಾತ್ರ ಚಪ್ಪಾಳೆ ಬೀಳುತ್ತದೆ ಅಂದರೆ, ಅಲ್ಲಿ ಎಷ್ಟು ಲಕ್ಷ ಜನ ಇದ್ದರೇನು, ಮಗಳನ್ನು ಕಳಿಸಬೇಡಿ. ಮಗನನ್ನಂತೂ ಕಳಿಸಲೇಬೇಡಿ.

ಗುಂಪಿನ ಭಯ ಸುಳ್ಳಲ್ಲ. 2025ರ ಜನವರಿಯಲ್ಲಿ ಪ್ರಯಾಗರಾಜ್‌ನ ಕುಂಭಮೇಳದಲ್ಲಿ ಕಾಲ್ತುಳಿತ ಆಯಿತು. 2022ರ ಅಕ್ಟೋಬರ್‌ನಲ್ಲಿ ಅದೇ ಸಿಯೋಲ್‌ನ ಇಟೆವಾನ್ ಎಂಬಲ್ಲಿ, ಹ್ಯಾಲೋವೀನ್ ಹಬ್ಬದ ಸಂಭ್ರಮಕ್ಕೆ ಜನ ಸೇರಿದ್ದ ರಾತ್ರಿ ಇಕ್ಕಟ್ಟಾದ ಓಣಿಯಲ್ಲಿ ಸಿಕ್ಕಿಕೊಂಡು 159 ಜನ ತೀರಿಕೊಂಡರು, ಹೆಚ್ಚಿನವರು ಎಳೆಯರು. ಅದಕ್ಕೆ ಮಗಳಿಗೆ ಈಗಿಂದಲೇ ಹೇಳಿಕೊಡಿ. ಗುಂಪಿನ ನಟ್ಟನಡುವೆ ನಿಲ್ಲಬಾರದು. ಉಸಿರು ಕಟ್ಟುವಷ್ಟು ಒತ್ತಿದರೆ ಎರಡೂ ಕೈ ಮಡಚಿ ಎದೆ ಮುಂದೆ ಇಟ್ಟುಕೊಳ್ಳಬೇಕು. ಬಿದ್ದ ಮೊಬೈಲ್ ಎತ್ತಲು ಬಗ್ಗಲೇಬಾರದು. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಜೊತೆಯವರು ಮೊದಲೇ ಮಾತಾಡಿಕೊಂಡಿರಬೇಕು. ಫೋನ್ ನಂಬರು ಚೀಟಿಯಲ್ಲಿ ಬರೆದು ಜೇಬಿನಲ್ಲಿರಲಿ, ಬ್ಯಾಟರಿಯನ್ನು ನಂಬಬೇಡಿ.

ಸಿಯೋಲ್‌ನ ಕಾರ್ಯಕ್ರಮ 2027ರ ಆಗಸ್ಟ್ 3ರಿಂದ 8ರವರೆಗೆ. ಅದಕ್ಕೂ ಮೊದಲು ಕೆಲವು ದಿನ ಕೊರಿಯಾದ ಬೇರೆ ಬೇರೆ ಊರುಗಳ ಧರ್ಮಪ್ರಾಂತ್ಯಗಳಲ್ಲಿ, ಅಂದರೆ ಒಬ್ಬೊಬ್ಬ ಬಿಷಪ್ ನೋಡಿಕೊಳ್ಳುವ ಸೀಮೆಗಳಲ್ಲಿ, ಉಳಿಯುವ ಏರ್ಪಾಡು ಇರುತ್ತದೆ, ಎಷ್ಟೋ ಸಲ ಅಲ್ಲಿಯವರ ಮನೆಗಳಲ್ಲೇ. ನನ್ನನ್ನು ಕೇಳಿದರೆ ದೊಡ್ಡ ಮೈದಾನಕ್ಕಿಂತ ಆ ದಿನಗಳೇ ಜಾಸ್ತಿ ಬೆಲೆಬಾಳುವಂಥವು. ಹೋಗುವುದಾದರೆ ಒಬ್ಬಳೇ ಏಜೆಂಟ್ ಹಿಡಿದು ಹೋಗುವುದು ಬೇಡ. ನಿಮ್ಮದು ಶಿವಮೊಗ್ಗ ಧರ್ಮಪ್ರಾಂತ್ಯ ಅಲ್ವಾ, ಅಲ್ಲಿ ವಿಚಾರಿಸಲು ಫಾದರ್‌ಗೆ ಹೇಳಿ. ದುಡ್ಡಿನ ವಿಚಾರವನ್ನೂ ಮಗಳ ಮುಂದೆಯೇ ಬಿಚ್ಚಿ ಮಾತಾಡಿ. ಸಾಲ ಮಾಡಿ ಕಳಿಸಬೇಡಿ. ಕೂಡಿ ಬರದಿದ್ದರೂ ಚಿಂತೆಯಿಲ್ಲ. ಈ ಯುವಜನ ದಿನವನ್ನು ಪ್ರತಿ ವರ್ಷ ನವೆಂಬರ್‌ನ ಕ್ರಿಸ್ತರಾಜನ ಹಬ್ಬದಂದು ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಆಚರಿಸುತ್ತಾರೆ. ಮೊದಲು ಅಲ್ಲಿ ಕುರ್ಚಿ ಜೋಡಿಸುವ ಕೆಲಸಕ್ಕೆ ಹೆಸರು ಕೊಡಲಿ. ಅದಕ್ಕೆ ಹ್ಞೂಂ ಅಂದರೆ ಹುಡುಗಿ ಗಟ್ಟಿ ಅಂತ ಲೆಕ್ಕ, ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಗೆಳೆಯರ ಜೊತೆ ನಾಯಕನಹಟ್ಟಿ ಜಾತ್ರೆಗೆ ಚಳ್ಳಕೆರೆಯಿಂದ ನಡೆದುಕೊಂಡು ಹೋದೆ. ರಥ ಹೊರಟಾಗ ಅಷ್ಟು ಜನರ ನಡುವೆ ಅಳು ಬಂತು, ಯಾಕಂತ ಗೊತ್ತಿಲ್ಲ. ಬದುಕೇ ಬದಲಾಯಿತು ಅನ್ನಿಸಿತ್ತು. ಎರಡೇ ದಿನಕ್ಕೆ ಎಲ್ಲ ಮೊದಲಿನ ಹಾಗೇ. ಅದೇ ಬ್ಯಾಕ್‌ಲಾಗ್, ಅದೇ ಬೇಜಾರು. ಅಲ್ಲಿ ಅತ್ತದ್ದು ನಾಟಕವಾ ಅಕ್ಕಾ?
— ದಾವಣಗೆರೆ

ಉತ್ತರ: ನಾಟಕದ ಅಳುವಿಗೆ ನೋಡುವವರು ಬೇಕು ತಮ್ಮಾ. ಆ ಗದ್ದಲದಲ್ಲಿ ನಿನ್ನನ್ನು ಯಾರು ನೋಡುತ್ತಿದ್ದರು? ಎಲ್ಲರ ಕಣ್ಣೂ ರಥದ ಮೇಲೆ, ಅರ್ಧ ಜನ ಬಾಳೆಹಣ್ಣು ಎಸೆಯುತ್ತಿದ್ದರು.

ಮದುವೆ ಮುಗಿದ ಮರುದಿನ ಮನೆ ಭಣಭಣ ಅನ್ನುತ್ತದಲ್ಲ, ಹಾಗಂತ ಮದುವೆ ಸುಳ್ಳಾಗುತ್ತದಾ? ಎರಡು ದಿನಕ್ಕೆ ಬೇಜಾರಾಗುವುದು ಸಹಜ. ನಿನಗೆ ಬೇಕಾಗಿರುವುದು ಇನ್ನೊಂದು ಜಾತ್ರೆ ಅಲ್ಲ. ಕೆಲವರು ಅದನ್ನೇ ಚಟ ಮಾಡಿಕೊಳ್ಳುತ್ತಾರೆ. ಇವತ್ತು ಇಲ್ಲಿ, ಮುಂದಿನ ವಾರ ಅಲ್ಲಿ, ಪ್ರತಿ ಸಲವೂ ರೋಮಾಂಚನ ಆಗಲೇಬೇಕು.

ನೀನು ಯಾರ ಜಾತ್ರೆಗೆ ಹೋಗಿದ್ದೆ ಅಂತ ಸ್ವಲ್ಪ ಯೋಚನೆ ಮಾಡು. ತಿಪ್ಪೇರುದ್ರಸ್ವಾಮಿಗಳನ್ನು ಆ ಸೀಮೆಯ ಜನ ನೆನೆಯುವುದು ಕೆರೆ ಕಟ್ಟಿಸಿದವರು ಅಂತ. "ಮಾಡಿದಷ್ಟು ನೀಡು ಭಿಕ್ಷೆ" ಅನ್ನುವುದು ಅವರ ಮಾತು. ಮಳೆ ಕಡಿಮೆಯ ನಾಡಿನಲ್ಲಿ ಗುದ್ದಲಿ ಹಿಡಿಸಿದ ಗುರು ಅವರು. ಅಂಥವರ ಮುಂದೆ ಬಂದ ಅಳು ಬ್ಯಾಕ್‌ಲಾಗ್ ಪೇಪರಿನ ಹತ್ತಿರ ತಿರುಗಿದರೆ ತಪ್ಪೇನಿಲ್ಲ. ಓದೂ ಕಾಯಕವೇ.

ಇನ್ನೊಂದು ಕೆಲಸ ಮಾಡು. ಅವತ್ತು ಜೊತೆಗೆ ನಡೆದವರಲ್ಲಿ ಇಬ್ಬರನ್ನು ಹಿಡಿ. ಇಬ್ಬರೇ ಸಾಕು. ವಾರಕ್ಕೊಮ್ಮೆ ಸೇರಿ. ಪ್ರಾರ್ಥನೆ ಅಂದರೆ ನಾಚಿಕೆ ಆದರೆ ಮಂಡಕ್ಕಿ ಮಿರ್ಚಿ ತಿನ್ನೋಕಾದರೂ ಸೇರಿ. ಮಿರ್ಚಿ ಖಾರ ಇಳಿಯುವಷ್ಟರಲ್ಲಿ ಯಾರಾದರೂ ಒಬ್ಬರು ನಿಜ ಮಾತಾಡುತ್ತಾರೆ. ತಿಂಗಳಲ್ಲಿ ಒಂದು ಭಾನುವಾರ ಜಿಲ್ಲಾ ಆಸ್ಪತ್ರೆಗೆ ಹೋಗಿ ರಕ್ತ ಬೇಕಾ ಅಂತ ಕೇಳಿ, ಹಳ್ಳಿಯಿಂದ ಬಂದವರಿಗೆ ಯಾವ ಕೌಂಟರ್ ಎಲ್ಲಿದೆ ಅಂತ ತೋರಿಸಿ. ಬೇಜಾರು ಬಹಳ ದಿನ ಹೋಗದೆ, ನಿದ್ದೆ ಊಟ ಎರಡೂ ಬಿಟ್ಟುಹೋದರೆ ಮಾತ್ರ ಅದನ್ನು ದೇವರ ಲೆಕ್ಕಕ್ಕೆ ಬಿಡಬೇಡ, ಡಾಕ್ಟರ ಹತ್ತಿರ ಹೋಗು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಈಗಿನ ಹುಡುಗರು ಜಾತ್ರೆಗೆ, ಮಠಕ್ಕೆ ಬರುವುದೇ ರೀಲ್ಸ್ ಮಾಡಲು. ಉಪನ್ಯಾಸ ಶುರುವಾದರೆ ಎದ್ದು ಹೋಗುತ್ತಾರೆ. ಇವರಿಂದ ಧರ್ಮ ಉಳಿಯುತ್ತದೆ ಎಂದು ನೀವು ಯಾವ ಆಧಾರದ ಮೇಲೆ ಹೇಳುತ್ತೀರಿ?
— ನಿವೃತ್ತ ಅಧಿಕಾರಿ, ಚಿತ್ರದುರ್ಗ

ಉತ್ತರ: ಸಾರ್, ತರಳಬಾಳು ಹುಣ್ಣಿಮೆ ಶುರುವಾದದ್ದು 1950ರಲ್ಲಿ, ಜಗಳೂರಿನಲ್ಲಿ. ಅವತ್ತಿನ ಹಿರಿಯರೂ "ಹುಡುಗರು ಬಳೆ ಅಂಗಡಿ ಮುಂದೆ ನಿಲ್ಲೋಕೆ ಬರ್ತಾರೆ" ಅಂದಿರಲಿಕ್ಕಿಲ್ಲ ಅಂತೀರಾ? ಬಳೆ ಅಂಗಡಿ ಮುಂದೆ ನಿಂತವರೇ ಅಲ್ವಾ ಈಗ ಮೊದಲ ಸಾಲಿನಲ್ಲಿ ಕೂತಿರುವುದು.

ಉಪನ್ಯಾಸಕ್ಕೆ ಎದ್ದು ಹೋಗುತ್ತಾರೆ ಅಂದಿರಿ. ಉಪನ್ಯಾಸ ಶುರುವಾಗುವ ಮೊದಲು ಏನೇನು ನಡೆಯುತ್ತದೆ ನೋಡಿದ್ದೀರಾ? ವೇದಿಕೆ ಮೇಲೆ ಎರಡು ಸಾಲು ಕುರ್ಚಿ. ನಿರೂಪಕರು ಗಣ್ಯರ ಹೆಸರು ಓದುತ್ತಾರೆ, ಬಿಟ್ಟುಹೋದ ಒಬ್ಬರಿಗಾಗಿ ಮತ್ತೆ ಮೊದಲಿಂದ ಓದುತ್ತಾರೆ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೊ. ಫೋಟೊಗ್ರಾಫರ್ "ಇನ್ನೊಂದ್ಸಲ ಸಾರ್" ಅಂದರೆ ಹಾಕಿದ ಹಾರ ತೆಗೆದು ಮತ್ತೆ ಹಾಕುವುದು. ರೀಲ್ಸ್ ಮಾಡುವವರು ಕೆಳಗಿದ್ದಾರೋ ಮೇಲಿದ್ದಾರೋ ಅಂತ ನನಗೆ ಎಷ್ಟೋ ಸಲ ಅನುಮಾನ ಬಂದಿದೆ. ಯುವಗೋಷ್ಠಿ ಅಂತ ಬ್ಯಾನರ್ ಇರುತ್ತದೆ, ಮಾತಾಡುವವರೆಲ್ಲ ಅರವತ್ತು ದಾಟಿದವರು.

2019ರ ಆಗಸ್ಟ್‌ನಲ್ಲಿ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ "ಮತ್ತೆ ಕಲ್ಯಾಣ" ಅಂತ ತಿಂಗಳಿಡೀ ದಿನಕ್ಕೊಂದು ಊರಿಗೆ ಹೋದರು. ಸಂಜೆಯ ಸಭೆ, ನಾಟಕಕ್ಕೆ ಮೊದಲು ವಿದ್ಯಾರ್ಥಿಗಳ ಜೊತೆ ಸಂವಾದ ಇರುತ್ತಿತ್ತು. ಹುಡುಗರು ಕೇಳುವುದು, ಸ್ವಾಮಿಗಳು ಉತ್ತರ ಹೇಳುವುದು. ಮೈಕ್ ಕೈಗೆ ಬಂದರೆ ಈ ಮಕ್ಕಳು ಏಳುವುದಿಲ್ಲ ಸಾರ್. ನಿಮ್ಮ ಕೈಲಾದರೆ ಮುಂದಿನ ಸಲ ವೇದಿಕೆಯ ಕುರ್ಚಿ ಬೇಡ ಅನ್ನಿ, ಜಮಖಾನದ ಮೇಲೆ ಅವರ ಪಕ್ಕ ಕೂತು ನೋಡಿ. ಮಂಡಿನೋವು ಇದ್ದರೆ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಳ್ಳಿ, ಹುಡುಗರೇ ತಂದುಕೊಡುತ್ತಾರೆ. ನನ್ನ ಆಧಾರ ಕೇಳಿದಿರಲ್ಲ, ಇದೂ ಒಂದು.

ಪ್ರಶ್ನೆ: ನನಗೆ ದೇವರಲ್ಲಿ ನಂಬಿಕೆ ಅಷ್ಟಕ್ಕಷ್ಟೇ. ಗೆಳತಿ ಸೆಪ್ಟೆಂಬರ್ ಹಬ್ಬಕ್ಕೆ ದಾವಣಗೆರೆಯಿಂದ ಹರಿಹರಕ್ಕೆ ನಡೆದು ಹೋಗೋಣ ಬಾ ಅನ್ನುತ್ತಾಳೆ, ಅವರ ಗುಂಪೇ ಹೊರಟಿದೆ. ಹೋದರೆ ಬೂಟಾಟಿಕೆ ಆಗುತ್ತದಾ?
— ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಲ್ಲದ ಭಕ್ತಿ ತೋರಿಸಿದರೆ ಬೂಟಾಟಿಕೆ. ಗೆಳತಿಯ ಜೊತೆ ನಡೆದರೆ ಅದು ಗೆಳೆತನ. ಅವಳು ಮಂಡಿಯೂರಿದಾಗ ನೀನೂ ಊರಬೇಕಿಲ್ಲ, ಅವಳ ಬ್ಯಾಗು ಹಿಡಿದುಕೊಂಡು ನಿಲ್ಲು. ಹೇಗೂ ಅಷ್ಟು ದೂರ ಹೋಗಿರುತ್ತೀರಿ, ಹರಿಹರೇಶ್ವರನ ಗುಡಿಯನ್ನೂ ಅವಳಿಗೆ ತೋರಿಸು. 1224ರ ಸುಮಾರಿಗೆ ಹೊಯ್ಸಳರ ಮಂತ್ರಿ ಪೋಲಾಳ್ವ ಕಟ್ಟಿಸಿದ್ದು. ಹರಿ, ಹರ ಇಬ್ಬರೂ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ.

ಹೊಸ ಚಪ್ಪಲಿ ಹಾಕಿಕೊಂಡು ಹೊರಡಬೇಡ, ಬೊಬ್ಬೆ ಬರುತ್ತದೆ. ಹಳೇ ಶೂ, ಹತ್ತಿಯ ಸಾಕ್ಸ್. ಹೆದ್ದಾರಿ ಬದಿಯಲ್ಲಿ ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ಬಲಗಡೆ ನಡೆಯಿರಿ, ಕತ್ತಲಿದ್ದಾಗ ಬಿಳಿ ಬಟ್ಟೆ ಹಾಕಿಕೊಳ್ಳಿ. ವಾಪಸ್ ಬರುವಾಗ ಹಬ್ಬದ ಸಂಜೆ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರಬೇಕಾಗುತ್ತದೆ. ಮಧ್ಯಾಹ್ನವೇ ಹೊರಟುಬಿಡಿ.